ಎಪ್ಪತ್ತಕ್ಕೆ ಅರವತ್ತಾರು

ನಿಂಗಣ್ಣ, ನಿಮಗೆ ‘ಅರವತ್ತಾರು’ ಎಂಬ ಅಡ್ಡಹೆಸರು ಅಂಟಿಸಿದವನು ನಾನು. ಅಂಟಿಸಿದ ದಿನ ಸಂಜೆಯೇ ಅದು ಸುಳ್ಳೆಂದು ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ನಾಲ್ಕು ವರ್ಷ ಬಾಯಿ ಬಿಡಲಿಲ್ಲ.

ಮಳವಳ್ಳಿಯ ನಮ್ಮ ಕಾಲೇಜಿನ ವಸ್ತುಪ್ರದರ್ಶನಕ್ಕೆ ನೀವು ನಾಣ್ಯ ತಂದಿದ್ದಿರಿ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು — ನಿಮ್ಮ ಚರ್ಮದ ಚೀಲಕ್ಕೆ ಬಿದ್ದ ಸವೆದ, ಮಂಕಾದ ನಾಣ್ಯಗಳೆಲ್ಲ ಒಂದು ಹಲಗೆಯ ಮೇಲೆ. ಪಕ್ಕದಲ್ಲಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ, ಕನ್ನಡಿಯಂತೆ ಹೊಳೆಯುವ ಒಂದೇ ಒಂದು ನೂರು ರೂಪಾಯಿ ನಾಣ್ಯ. ಅದರ ಚೀಟಿಯ ಮೇಲೆ: ಪ್ರೂಫ್, 66.

ನಾನು ಚರ್ಚಾಕೂಟದ ಹುಲಿ. ಪುರಾವೆಯಿಲ್ಲದೆ ದೇವರನ್ನೂ ಒಪ್ಪೆನೆಂದು ಮುತ್ತತ್ತಿಯಲ್ಲೂ ಗುಡಿಯ ಹೊರಗೇ ನಿಂತವನು. ಮೈಕು ಕೈಯಲ್ಲೇ ಇತ್ತು.

“ಪ್ರೂಫ್ ಅಂದ್ರೆ ಪುರಾವೆ. ಅಸಲಿ ನಾಣ್ಯಕ್ಕೆ ಪುರಾವೆ ಯಾಕ್ ಬೇಕು ನಿಂಗಣ್ಣ? ಅದೂ ನೂರಕ್ಕೆ ಅರವತ್ತಾರಂತೆ! ಉಳಿದ ಮೂವತ್ನಾಕು ಡೂಪ್ಲಿಕೇಟಾ?”

ಸಭಾಂಗಣವೇ ನಕ್ಕಿತು. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಾದರೂ ಹತ್ತಿರ ಬಂದು ಆ ಚೀಟಿ ಓದಿದ್ದರೇ?

“ಅಂಗಲ್ಲ ಕಣ್ಮಗ,” ಎಂದಿರಿ ನೀವು. “ಪ್ರೂಫು ಅಂದ್ರೆ ಅಚ್ಚಾಕೋ ರೀತಿ. ಎಲ್ಡು ಸತಿ ಒತ್ತಿ —”

“ಎರಡು ಸತಿ ಒತ್ತಿದ್ರೂ ಅರವತ್ತಾರೇನಾ?”

ಎದುರಾಳಿಯ ಮಾತು ಮುಗಿಯುವ ಮೊದಲೇ ಕತ್ತರಿಸಬೇಕೆಂದು ನನಗೆ ಕಲಿಸಿದ್ದರು — ಇಲ್ಲ, ಕಲಿಸಿದವರ ತಲೆಗೆ ಇದನ್ನು ಕಟ್ಟಲಾರೆ. ನೀವು ಎದುರಾಳಿಯೇ ಆಗಿರಲಿಲ್ಲವಲ್ಲ!

ಸಂಜೆ ಫೋನಿನಲ್ಲಿ ಹುಡುಕಿದೆ — ನಿಮ್ಮನ್ನು ಇನ್ನಷ್ಟು ಹಣಿಯಲು. ಸಿಕ್ಕಿದ್ದು ನೀವು ಹೇಳಹೊರಟ ಮಾತೇ. ಚಲಾವಣೆಯ ನಾಣ್ಯಕ್ಕೆ ಒಂದೇ ಪೆಟ್ಟು. ಪ್ರೂಫ್ ನಾಣ್ಯಕ್ಕೆ ಅಚ್ಚನ್ನೂ ಒತ್ತುವ ಲೋಹದ ಬಿಲ್ಲೆಯನ್ನೂ ಮೊದಲು ನುಣುಪುಗೊಳಿಸಿ, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಅದಕ್ಕೇ ಆ ಕನ್ನಡಿ ಹೊಳಪು. ಇನ್ನು ಅಂಕ — ಅದು ನಾಣ್ಯ ಎಷ್ಟು ಕೆಡದೆ ಉಳಿದಿದೆ ಎಂಬುದಕ್ಕೆ ಕೊಡುವುದು. ಪೂರ್ಣಾಂಕ ನೂರಲ್ಲ, ಎಪ್ಪತ್ತು.

ಎಪ್ಪತ್ತಕ್ಕೆ ಅರವತ್ತಾರು! ನಾನು ಯಾವ ಪರೀಕ್ಷೆಯಲ್ಲಿ ಅಷ್ಟು ತೆಗೆದಿದ್ದೇನೆ?

ಮರುದಿನವೇ ಹೇಳಬಹುದಿತ್ತು. ಅಷ್ಟರಲ್ಲಿ ಗೆಳೆಯರು ಬೆನ್ನು ತಟ್ಟಿದ್ದರು, ಮೇಷ್ಟ್ರು ಶಹಬ್ಬಾಸ್ ಎಂದಿದ್ದರು, ನಾನು... ಅದೇ ಕಥೆಯನ್ನು ಮದ್ದೂರಿನ ಚರ್ಚಾಸ್ಪರ್ಧೆಯಲ್ಲಿ ‘ಮೋಸ ಬಯಲಿಗೆಳೆದ ತರ್ಕ’ ಎಂದು ಹೇಳಿ ಕಪ್ ತಂದೆ. ಸುಳ್ಳೆಂದು ತಿಳಿದೇ ಹೇಳಿದೆ. ಇದು ವೈಚಾರಿಕತೆಯಂತೆ! ಥೂ.

ನೀವು ಮತ್ತೆ ಯಾವ ಶಾಲೆಗೂ ನಾಣ್ಯ ಒಯ್ಯಲಿಲ್ಲ. ಹೆಸರು ಮಾತ್ರ ಊರು ಸುತ್ತಿತು.

ಕಳೆದ ವಾರ ಬಸ್ ನಿಲ್ದಾಣದ ಟೀ ಅಂಗಡಿಗೆ ನೀವು ಬಂದಾಗ ನಾನು ಅಲ್ಲೇ ಇದ್ದೆ. ಯಾರೋ ಕೂಗಿದ: “ಲೇ, ಅರವತ್ತಾರು ಬಂತು ಕಣ್ಲಾ, ಚಿಲ್ರೆ ನೋಡಿ ಈಸ್ಕೊ!” ನೀವು ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದಿರಿ. ಹೋಗುವಾಗ ನನ್ನ ಕಡೆ ತಿರುಗಿ, “ಚೆಂದಾಗಿದ್ಯಾ ಮಗ?” ಎಂದಿರಿ.

ಬೈಯಬಾರದಿತ್ತೇ? ಆ ಕೂಗಿದವನ ಮೇಲೆ ಉರಿದುಬಿದ್ದೆ — ಮನಸ್ಸಿನಲ್ಲೇ. ಅವನ ಬಾಯಿಗೆ ಆ ಮಾತು ಕೊಟ್ಟವನು ಯಾರು?

ಬರುವ ಭಾನುವಾರ ಅದೇ ಸಭಾಂಗಣದಲ್ಲಿ ಹಳೆಯ ವಿದ್ಯಾರ್ಥಿಗಳ ಸಭೆ. ಐದು ನಿಮಿಷ ಕೇಳಿದ್ದೇನೆ. ಆ ಚೀಟಿಯನ್ನು ನಾನು ಅರ್ಥಮಾಡಿಕೊಂಡದ್ದೇ ತಪ್ಪು, ತಿಳಿದ ಮೇಲೆ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು ಮೈಕಿನಲ್ಲೇ ಹೇಳುತ್ತೇನೆ. ನೀವು ಬರಬೇಕೆಂದಿಲ್ಲ. ಕ್ಷಮಿಸಬೇಕೆಂದೂ ಇಲ್ಲ. ಅದಾದ ಮೇಲೂ ಜನ ಹಾಗೇ ಕರೆದಾರು — ನಾನು ಒಮ್ಮೆ ಹೇಳಿದ ಮಾತ್ರಕ್ಕೆ ಬಿಟ್ಟುಹೋಗುವುದಲ್ಲ ಅದು. ನನ್ನ ಕಿವಿಗೆ ಬಿದ್ದ ಕಡೆಯೆಲ್ಲ, ಪ್ರತಿ ಸಲವೂ, ಎದ್ದು ನಿಂತು ತಿದ್ದುತ್ತೇನೆ.