ವಿಲ್ಮಾ ನೀರು ಕುಡಿಯತೊಡಗಿದ್ದು

ವಿಲ್ಮಾ ಗಿಡ್ರಿ ಕೆಲಸದ ಹೊತ್ತಿನಲ್ಲಿ ನೀರು ಕುಡಿದಿದ್ದನ್ನು ಎರಡು ವರ್ಷ ನಾನು ನೋಡಿರಲಿಲ್ಲ. ಬೆಳಗ್ಗೆ ಆರಕ್ಕೆ ಒಂದು ಲೋಟ ಕಪ್ಪು ಕಾಫಿ ಕುಡಿದು, ಊಟದ ಡಬ್ಬಿ ಬೆನ್ನಿಗೆ ಹಾಕಿಕೊಂಡು, ಇನ್ನೂರ ನಲವತ್ತು ಅಡಿ ಏಣಿ ಹತ್ತಿ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತಳೆಂದರೆ ಸಂಜೆ ನಾಲ್ಕಕ್ಕೇ ಇಳಿಯುವುದು. ಹ್ಯೂಸ್ಟನ್ನಿನ ಆಗಸ್ಟ್ ಬಿಸಿಲಿನಲ್ಲೂ ಅಷ್ಟೇ. ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವಳಿಗೆ ದಾರಿ ಹೇಳುವವನು ನಾನು, ನೆಸ್ಟರ್. ಅವಳಿಗೆ 'ಒಂಟೆ' ಎಂದು ಹೆಸರಿಟ್ಟವನೂ ನಾನೇ. ಹೊಗಳಿಕೆ ಎಂದುಕೊಂಡೇ ಇಟ್ಟಿದ್ದೆ. ಪಕ್ಕದ ಸೈಟಿನವರೆದುರು, "ನಮ್ ಒಂಟೆ ದಿನಕ್ಕೆ ಒಂದೇ ಸಲ ಇಳಿಯೋದು" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಅವಳು ಬೋಮಾಂಟ್ ಊರಿನವಳು. ಐವತ್ತೊಂದು ವರ್ಷ. ಗಂಡ ಬಿಟ್ಟುಹೋದ ಮೇಲೆ ಮೂರು ಮಕ್ಕಳನ್ನು ಒಬ್ಬಳೇ ಸಾಕಿದಳು. ಕಬ್ಬಿಣದ ಸರಳು ಹೊರುವುದರಿಂದ ಶುರುಮಾಡಿ, ಗಂಡಸರ ಕುಹಕ ಕೇಳುತ್ತಾ ಕೇಳುತ್ತಾ ಆ ಕುರ್ಚಿಯವರೆಗೆ ಏರಲು ಹದಿನೇಳು ವರ್ಷ ಬೇಕಾಯಿತು. ಆ ಕುರ್ಚಿ ಬಿಟ್ಟರೆ ತನಗೆ ಇನ್ನೇನೂ ಬೇಡ ಎನ್ನುತ್ತಿದ್ದಳು.

ಗಂಡಸರು ಕ್ರೇನ್ ಹತ್ತುವಾಗ ಮೂತ್ರಕ್ಕೆಂದು ಒಂದು ಖಾಲಿ ಬಾಟಲಿ ಒಯ್ಯುತ್ತಾರೆ, ಕೆಲಸ ಮುಗಿಯಿತು. ವಿಲ್ಮಾಳ ಗೂಡಿಗೆ ನಾಲ್ಕೂ ಕಡೆ ಗಾಜು, ಕಾಲಡಿಯೂ ಗಾಜು, ರಸ್ತೆಯಾಚೆ ಕಚೇರಿಯ ನೂರು ಕಿಟಕಿ. ಮೊದಲ ತಿಂಗಳಲ್ಲಿ ಅವಳು ಕೇಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. "ನೆಸ್ಟರ್, ಐದ್ ನಿಮಿಷ ಇಳಿದು ಬರ್ಲಾ?" ನಾನು, "ಇನ್ನೊಂದ್ ಹತ್ ನಿಮಿಷ ತಡ್ಕೊಳೇ, ಲಾರಿ ಕಾಯ್ತಿದೆ" ಎನ್ನುತ್ತಿದ್ದೆ. ಆ ಲಾರಿ ಹೋದರೆ ಇನ್ನೊಂದು. ಆಮೇಲೆ ಅವಳು ಕೇಳುವುದನ್ನೂ ಬಿಟ್ಟಳು, ನೀರನ್ನೂ ಬಿಟ್ಟಳು. ನಾನು ಪೆದ್ದ, ಅಭ್ಯಾಸವಾಯಿತು ಎಂದುಕೊಂಡೆ.

ಆ ಮಂಗಳವಾರ ಮೂರು ಟನ್ ಸರಳಿನ ಕಟ್ಟೊಂದನ್ನು ಒಂಬತ್ತನೆಯ ಮಹಡಿಗೆ ಇಳಿಸುತ್ತಿದ್ದೆವು. ನಾನೂ ಅಲ್ಲೇ ನಿಂತಿದ್ದೆ. ಮೆಟ್ಟಿಲಿನ ಗೋಡೆ ಅಡ್ಡವಿದ್ದದ್ದರಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ. ನನ್ನ ಮಾತೇ ಅವಳಿಗೆ ಕಣ್ಣು. ಕಟ್ಟನ್ನು ಹಿಡಿದುಕೊಳ್ಳಲು ನಾಲ್ವರು ಕೈಚಾಚಿ ನಿಂತಿದ್ದರು.

"ಇಳಿಸು... ಇಳಿಸು... ಇಪ್ಪತ್ತಡಿ... ಹದಿನೈದು..."

ಕಟ್ಟು ಗಕ್ಕನೆ ನಿಂತಿತು.

"ವಿಲ್ಮಾ? ಯಾಕ್ ನಿಲ್ಸಿದೆ?"

ವಾಕಿಟಾಕಿಯಲ್ಲಿ ಬರಿಯ ಉಸಿರು, ಅದೂ ಹಲ್ಲು ಕಚ್ಚಿದ ಉಸಿರು.

"ನನ್ ಸೊಂಟಕ್ಕೆ ಯಾರೋ ಚಾಕು ಹಾಕಿ ತಿರುವ್ತಿದಾರೆ ಕಣೋ" ಎಂದಳು.

ನಾಲ್ವರನ್ನೂ ಕೂಗಿ ದೂರ ಓಡಿಸಿದೆ. ಮೂರು ಟನ್ ಕಬ್ಬಿಣ ಗಾಳಿಗೆ ನಿಧಾನವಾಗಿ ತೂಗುತ್ತಿತ್ತು. ಅದರ ಕೆಳಗಿನ ಕಾಂಕ್ರೀಟು ಇನ್ನೂ ಪೂರ್ತಿ ಬಲಿತಿರಲಿಲ್ಲ, ಅದರ ಕೆಳಗಿನ ಮಹಡಿಯಲ್ಲಿ ಜನ.

"ಇಳಿಸೋಕಾಗುತ್ತಾ?"

"ನೀನ್ ಮಾತಾಡ್ತಾ ಇರು. ಏನಾದ್ರೂ ಆಗ್ಲಿ, ನಿಲ್ಲಿಸ್ಬೇಡ."

ಅವಳು ವಾಂತಿ ಮಾಡಿಕೊಂಡ ಸದ್ದು ಕೇಳಿಸಿತು. ನಾನು ಮಾತಾಡುತ್ತಲೇ ಇದ್ದೆ. ಹನ್ನೆರಡು ಅಡಿ. ಎಡಕ್ಕೆ ಒಂದು ಗೇಣು. ಹತ್ತು. ನಿಲ್ಲು, ಸುಧಾರಿಸ್ಕೋ. ಎಂಟು. ಪ್ರತಿ ಅಡಿಗೂ ಅವಳು ಒಂದು ಬೈಗುಳ ಬೈಯುತ್ತಿದ್ದಳು. ಬೈಗುಳ ಬಂದರೆ ನನಗೆ ಧೈರ್ಯ, ಬರದಿದ್ದರೆ ಅವಳ ಹೆಸರು ಕೂಗುತ್ತಿದ್ದೆ. ಕಟ್ಟು ನೆಲ ಮುಟ್ಟಿದ್ದೇ ನಾನು ಕ್ರೇನಿನ ಏಣಿಯತ್ತ ಓಡಿದೆ.

ರಕ್ಷಣಾ ದಳದವರು ಬರುವಷ್ಟರಲ್ಲಿ ಅವಳು ಇಳಿಯಲು ಶುರುಮಾಡಿಬಿಟ್ಟಿದ್ದಳು. ನಾನು ಹತ್ತಿಹೋಗಿ, ಅವಳ ಕೆಳಗೆ ನಿಂತು, ಒಂದೊಂದು ಮೆಟ್ಟಿಲಿಗೂ ಅವಳ ಬೂಟನ್ನು ಕೈಯಾರೆ ಹಿಡಿದು ಇಟ್ಟೆ.

ಆಸ್ಪತ್ರೆಯಲ್ಲಿ ಕಿಡ್ನಿಯ ಕಲ್ಲು ಎಂದರು. ಐದು ಮಿಲಿಮೀಟರ್, ನಾಳದಲ್ಲಿ ಸಿಕ್ಕಿಕೊಂಡಿದೆ, ತಾನೇ ಬೀಳಬಹುದು ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಆ ಮಾತ್ರೆ ನುಂಗಿ ಕ್ರೇನ್ ನಡೆಸುವ ಹಾಗಿಲ್ಲ. ಮರುದಿನವೇ ಬದಲಿ ಆಪರೇಟರೊಬ್ಬ ಬಂದು ಕೂತ. ಸೈಟಿನ ಮೇಲ್ವಿಚಾರಕ ಟಾಲಿವರ್ ನನ್ನನ್ನು ಕರೆದು, "ಸೋಮವಾರ ಆರಕ್ಕೆ ಬಂದ್ರೆ ಕುರ್ಚಿ ಅವಳ್ದು. ಇಲ್ಲಾಂದ್ರೆ ಇವನೇ ಇರ್ತಾನೆ. ಹೇಳ್ಬಿಡು" ಎಂದ.

ಶನಿವಾರ ಮಧ್ಯಾಹ್ನ ಅವಳ ಮನೆಗೆ ಹೋದೆ. ಬಾಗಿಲು ತೆಗೆದವಳ ಮುಖದಲ್ಲಿ ರಕ್ತವಿರಲಿಲ್ಲ. ನಾಲ್ಕು ದಿನದಿಂದ ನಿದ್ದೆಯಿಲ್ಲ. ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಪುಟ್ಟ ಜರಡಿ. ಪ್ರತಿ ಸಲವೂ ಮೂತ್ರವನ್ನು ಅದರಲ್ಲೇ ಸೋಸಬೇಕು, ಕಲ್ಲು ಸಿಕ್ಕರೆ ಪರೀಕ್ಷೆಗೆ ಕೊಡಬೇಕು.

"ಮೂರ್ ಹೆತ್ತೋಳು ನಾನು" ಎಂದಳು. "ಆ ಮೂರನ್ನೂ ಒಟ್ಟಿಗೇ ಇನ್ನೊಂದ್ಸಲ ಹೆರ್ತೀನಿ, ಇದು ಬೇಡಪ್ಪಾ."

ಟಾಲಿವರ್‌ನ ಮಾತು ಹೇಳಿದೆ. ಅವಳು ಒಂದು ಜಗ್ ನೀರನ್ನು ಗಟಗಟನೆ ಕುಡಿದು, ಸೊಂಟ ಹಿಡಿದುಕೊಂಡು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ನಡೆದಳು. ಮತ್ತೆ ಒಂದು ಜಗ್. ಮೂರನೆಯ ಜಗ್ ಆದ ಮೇಲೆ ಬಚ್ಚಲಿಗೆ ಹೋದಳು. ಒಂದು ಕೂಗು ಕೇಳಿಸಿತು. ನಾನು ಎದ್ದು ನಿಂತೆ.

ಹೊರಬಂದಾಗ ಕೈಯಲ್ಲಿ ಜರಡಿ, ಕಣ್ಣಲ್ಲಿ ನೀರು. ಜರಡಿಯಲ್ಲಿ ಅಕ್ಕಿನುಚ್ಚಿನಷ್ಟು ಕಂದು ಬಣ್ಣದ ಮುಳ್ಳುಮುಳ್ಳು ಹರಳು.

"ಇಷ್ಟೇನಾ?" ಎಂದೆ.

"ನಿನ್ನೊಳಗಿಂದ ಬಿದ್ದಿದ್ರೆ ಗೊತ್ತಾಗೋದು ಮಗ್ನೇ, ಇಷ್ಟೋ ಅಷ್ಟೋ ಅಂತ!" ಎಂದು ನಕ್ಕಳು. ನಗು ಬೇಗ ಆರಿತು. "ಡಾಕ್ಟ್ರು ಏನಂದ್ರು ಗೊತ್ತಾ? ಅರ್ಧಕ್ಕರ್ಧ ಜನಕ್ಕೆ ಮತ್ತೆ ಬರುತ್ತಂತೆ. ಬರಬಾರ್ದು ಅಂದ್ರೆ ದಿನಕ್ಕೆ ಮೂರ್ ಲೀಟರ್ ನೀರು. ಉಪ್ಪು ಕಮ್ಮಿ. ರಾತ್ರಿ ಜಗ್ಗಟ್ಲೆ ಕುಡೀತಿದ್ನಲ್ಲ ಐಸ್ ಟೀ, ಅದೂ ಬಂದ್. ಟೀ ಬಿಟ್ಟೇನು. ಆದ್ರೆ ಮೂರ್ ಲೀಟರ್ ಕುಡಿದು ಆ ಗೂಡಲ್ಲಿ ಹೆಂಗ್ ಕೂರ್ಲಿ, ನೀನೇ ಹೇಳು."

ಕುಡಿದರೆ ಇಳಿಯಬೇಕು, ಇಳಿದರೆ ಕುರ್ಚಿ ಹೋಗುತ್ತದೆ. ಕುಡಿಯದಿದ್ದರೆ ಮತ್ತೆ ಕಲ್ಲು, ಮುಂದಿನ ಸಲ ಯಾರ ತಲೆಯ ಮೇಲೋ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಸೋಮವಾರ ಆರಕ್ಕೆ ಬಂದಳು. ಬೆನ್ನಿನ ಚೀಲದಲ್ಲಿ ನಿಂಬೆಹಣ್ಣು ಹಿಂಡಿದ ನೀರಿನ ಕ್ಯಾನು. ಅವತ್ತು ಕ್ರೇನಿನ ಬಕೆಟ್ಟಿನಲ್ಲಿ ಕಾಂಕ್ರೀಟ್ ಎತ್ತಿ ಹಾಕುವ ದಿನ. ಲಾರಿಗಳು ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟಿದ್ದವು. ಟಾಲಿವರ್ ನನ್ನ ಪಕ್ಕದಲ್ಲೇ ಗಡಿಯಾರ ನೋಡುತ್ತಾ ನಿಂತಿದ್ದ. ಹತ್ತು ಗಂಟೆಗೆ ವಾಕಿಟಾಕಿ ಗುರ್ರೆಂದಿತು.

"ನೆಸ್ಟರ್, ಐದ್ ನಿಮಿಷ ಇಳಿದು ಬರ್ಲಾ?"

ಎರಡು ವರ್ಷದ ಮೇಲೆ ಅದೇ ಪ್ರಶ್ನೆ.

"ಆಗಲ್ಲ ಅನ್ನು" ಎಂದ ಟಾಲಿವರ್. "ಇನ್ನೂ ಆರ್ ಲಾರಿ ಇದೆ. ಮಧ್ಯಾಹ್ನದವರೆಗೆ ತಡ್ಕೊಳ್ಳಕ್ಕೆ ಹೇಳು."

"ತಡ್ಕೊಂಡಿದ್ದಕ್ಕೇ ಬಾಸ್, ಹೋದ ವಾರ ಹಂಗಾಗಿದ್ದು."

"ಆಗಲ್ಲಾಂದ್ರೆ ಇಳಿದ್ ಬಂದು ಮನೆಗ್ ಹೋಗ್ಲಿ. ಬದಲಿಯವನು ಗೇಟಲ್ಲೇ ಇದಾನೆ. ಕೊಡಿಲ್ಲಿ ಅದನ್ನ" ಎಂದು ವಾಕಿಟಾಕಿಗೆ ಕೈಚಾಚಿದ.

ನನಗೂ ಮನೆ ಮಠ ಇದೆ. ಒಂದು ಗಳಿಗೆ ನನ್ನ ಕೈ ಅವನತ್ತ ಹೋಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಮೇಲಿಂದ ಅವಳ ಉಸಿರು ಕೇಳಿಸಿತು. ಉತ್ತರಕ್ಕೆ ಕಾಯುತ್ತಿದ್ದಳು.

"ಬಕೆಟ್ ಕೆಳಗಿದೆ, ಕೊಕ್ಕೆ ಖಾಲಿ" ಎಂದೆ. "ಇಳಿ ವಿಲ್ಮಾ."

ಕ್ರೇನ್ ನಿಂತಿತು. ಸೈಟೇ ನಿಂತಿತು. ಟಾಲಿವರ್‌ನ ಮುಖ ಕೆಂಪಾಯಿತು. "ನಿಂದೂ ಇವತ್ತಿಗೆ ಕೊನೆ" ಎಂದ. ನಾನು ಏಣಿಯನ್ನೇ ನೋಡುತ್ತಿದ್ದೆ. ಅವಳು ಅವಸರವಿಲ್ಲದೆ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.

ಅವಳು ನೆಲ ಮುಟ್ಟಿ ತಿರುಗಿದಾಗ ನಾನೂ ಟಾಲಿವರೂ ಅದನ್ನು ನೋಡಿದೆವು. ನೀಲಿ ಟಾಯ್ಲೆಟ್ ಗೂಡಿನ ಮುಂದೆ ಹನ್ನೊಂದು ಜನ ಸಾಲಾಗಿ ನಿಂತಿದ್ದರು. ಸರಳು ಕಟ್ಟುವವರು, ಕಾಂಕ್ರೀಟ್ ಹರಡುವವರು, ಅವಳನ್ನು ಒಂಟೆ ಎಂದು ನನ್ನ ಜೊತೆ ನಕ್ಕವರು. ಕೊಕ್ಕೆ ನಿಂತಿದ್ದೇ ತಡ, ಎಲ್ಲರೂ ಓಡಿಬಂದಿದ್ದರು.

"ಬೆಳಗ್ಗಿಂದ ಯಾರೂ ಹೋಗೇ ಇಲ್ವಾ?" ಎಂದ ಟಾಲಿವರ್. ಸಾಲಿನವರು ಪಕ್ಕಕ್ಕೆ ಸರಿದು ವಿಲ್ಮಾಗೆ ದಾರಿ ಬಿಟ್ಟರು.

ಹೊರಬಂದವಳು ಕೈ ತೊಳೆದು, ಟಾಲಿವರ್ ಎದುರು ನಿಂತಳು. "ನನ್ನನ್ನ ತೆಗೀಬೇಕು ಅಂದ್ರೆ ತೆಗೀರಿ. ತೆಗೀದೆ ಇದ್ರೆ, ಎರಡು ಗಂಟೆಗೆ ಮತ್ತೆ ಇಳೀತೀನಿ. ಲಾರಿಯೋರಿಗೆ ಈಗ್ಲೇ ಹೇಳಿಡಿ."

ಅವನು ಸಾಲನ್ನು ನೋಡಿದ, ಅವಳನ್ನು ನೋಡಿದ, ಗೇಟಿನ ಬದಲಿಯವನನ್ನು ನೋಡಿದ. ಅವಳು ಅವನ ಉತ್ತರಕ್ಕೆ ಕಾಯಲಿಲ್ಲ. ಏಣಿ ಹತ್ತತೊಡಗಿದಳು. ಅವನು ಕರೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಗೇಟಿನತ್ತ ಹೋಗಿ ಬದಲಿಯವನನ್ನು ಮನೆಗೆ ಕಳಿಸಿದ. ನನ್ನ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ, ವಾಕಿಟಾಕಿಯನ್ನೂ ಮತ್ತೆ ಕೇಳಲಿಲ್ಲ.

ಕಲ್ಲು ಮತ್ತೆ ಬರುವುದಿಲ್ಲವೆಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ಆದರೆ ಸರಿಯಾಗಿ ಎರಡು ಗಂಟೆಗೆ ವಾಕಿಟಾಕಿ ಗುರ್ರೆಂದಾಗ ಅವಳು ಏನನ್ನೂ ಕೇಳಲಿಲ್ಲ.

"ಇಳೀತಿದೀನಿ" ಎಂದಳು.