ದೇವರ ಜಗುಲಿಯಲ್ಲಿ ತಿಮಿಂಗಿಲ

ಜ್ವರ ಬಿಟ್ಟು ಸೊರಗಿದ್ದ ಮಗಳಿಗೆ, ಡಾಕ್ಟರು ಹೇಳಿದರೆಂದು, ಒಂದು ಮೊಟ್ಟೆ ಬೇಯಿಸಿದೆ. ಅಷ್ಟಕ್ಕೇ ಸರಸ್ವತಿ ನಗರದ ನಮ್ಮ ಇಡೀ ಓಣಿ ನೋಡುವಂತೆ ನನ್ನ ಹಿರಿ ವಾರಗಿತ್ತಿ ಆ ಪಾತ್ರೆಯನ್ನು ಬೀದಿಗೆಸೆದಳು. “ಲಿಂಗ ಕಟ್ಟಿದ ಮನಿ ಐತೆ ಇದು, ತಿಳೀತಾ?” ಎಂದಳು. ಅಂದಿನಿಂದ ಮಗುವಿಗೆ ಹಿತ್ತಿಲ ಕಟ್ಟೆಯ ಮೇಲೆ ಊಟ. ಅವಳ ಮಕ್ಕಳು ಒಳಗೆ ಉಣ್ಣುವುದನ್ನು ನನ್ನ ಮಗಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ನನ್ನ ಗಂಡ ಒಳಗೆ ಅಣ್ಣನ ಪಕ್ಕ ಕೂತು ಉಣ್ಣುತ್ತಿದ್ದರು. ನಾನು ಹರಿಹರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹೋಗಿಬರುವ ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಅವಳಿಗೆ ಶಾಪ ಹಾಕುತ್ತಿದ್ದೆ.

ಬೇಸಿಗೆ ರಜೆಯಲ್ಲಿ ಅವಳೂ ಭಾವನವರೂ ಗೋಕರ್ಣಕ್ಕೆ ಹೋಗಿ, ಕಡಲ ದಂಡೆಯಲ್ಲಿ ಸಿಕ್ಕ ಬೂದು ಬಣ್ಣದ ಗಟ್ಟಿಯೊಂದನ್ನು ತಂದರು. ಅತ್ತರಿಗೆ ಬಳಸುವ ಅಂಬರ್‌ಗ್ರೀಸ್ ಇರಬೇಕು, ಬಂಗಾರಕ್ಕಿಂತ ಹೆಚ್ಚಿನ ಬೆಲೆಯದು ಎಂದು ಭಾವ ಮೊಬೈಲಿನಲ್ಲಿ ಓದಿದ್ದರು. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಓದಿರಲಿಲ್ಲ. ವಾರಗಿತ್ತಿ ಅದಕ್ಕೆ ವಿಭೂತಿ ಬಳಿದು, ಹೂವೇರಿಸಿ, ದೇವರ ಜಗುಲಿಯಲ್ಲಿಟ್ಟಳು.

“ಟೀಚರಮ್ಮ, ಖರೇವೋ ಸುಳ್ಳೋ ನೋಡು ಬಾ,” ಎಂದು ನನ್ನನ್ನೇ ಕರೆದಳು.

ದಬ್ಬಣ ಕಾಯಿಸಿ ಚುಚ್ಚಿದೆ. ನಿಜವಾದದ್ದು ಕಪ್ಪಗೆ ಕರಗಿ, ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ. ಸಗಣಿಯೂ ಗಂಧವೂ ಕಲೆತಂಥ ವಾಸನೆ. ಇದು ತಿಳಿನೀರಿನಂತೆ ತೊಟ್ಟಿಕ್ಕಿತು. ಮೂಗಿಗೆ ಬಡಿದದ್ದು ಆರಿಸಿದ ಮೊಂಬತ್ತಿಯ ವಾಸನೆ. ಶುದ್ಧ ಮೇಣ! ಒಳಗೊಳಗೇ ಹಿಗ್ಗಿದೆ.

“ಖರೇನ ಐತ್ರಿ ಅಕ್ಕ. ತಿಮಿಂಗಿಲದ ಕರುಳಾಗಿಂದ ಬಂದ ಹೊಲಸು ಇದು. ಮನ್ಯಾಗ ಇಟ್ಕಂಡ್ರೆ ಜೈಲು. ಅರಣ್ಯ ಇಲಾಖೆಗೆ ಕೊಟ್ಬಿಡ್ರಿ.”

ವಿಭೂತಿ ಬಳಿದ ಕೈಯನ್ನು ಅವಳು ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು. ಎಸೆಯುತ್ತಾಳೇನೋ ಎಂದು ನೋಡಿದೆ. ಎಸೆಯಲಿಲ್ಲ, ಹೋಗಿ ಕಿಟಕಿ ಮುಚ್ಚಿದಳು.

“ಯಾರಿಗೂ ಹೇಳಬ್ಯಾಡ ಕಣೇ.”

“ಹೇಳಲ್ರಿ. ನನ್ನ ಮಗಳು ಇವತ್ತಿಂದ ಒಳಗ ಕುಂತು ಉಣ್ತಾಳೆ. ನೀವ ಬಡಿಸ್ಬೇಕು.”

ಮಧ್ಯಾಹ್ನ ಅವಳೇ ರೊಟ್ಟಿಗೆ ಬೆಣ್ಣೆ ಹಚ್ಚಿ ಮಗಳಿಗೆ ಕೊಟ್ಟಳು. ಮಾಡಿದ್ದುಣ್ಣೋ ಮಹಾರಾಯ!

ಆ ಗಟ್ಟಿ ಈಗಲೂ ಕೆಂಪು ವಸ್ತ್ರದೊಳಗೆ ಜಗುಲಿಯಲ್ಲೇ ಇದೆ. ಮಾರಲು ಭಯ, ಬಿಸಾಡಲು ಮನಸ್ಸಿಲ್ಲ. ಅವಳಿಗದು ಬಾಯೊಳಗಿನ ಬಿಸಿತುಪ್ಪ. ದಿನಾ ಮಿಂದು ಮಡಿಯುಟ್ಟು, ಮುಖ ಕಿವುಚಿಕೊಂಡು ಅದಕ್ಕೂ ಕೈಮುಗಿಯುತ್ತಾಳೆ. ಓಣಿಯಲ್ಲಿ ಜೀಪು ಬಂದರೆ ಬೆವರುತ್ತಾಳೆ. ಬರೀ ಮೇಣ ಎಂದು ನಾನೊಂದು ಮಾತು ಹೇಳಿದರೆ ಅವಳಿಗೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ.

ಹೇಳುವುದಿಲ್ಲ.