ದುರ್ಬೀನಿನ ಪೀಠ

ಹೋದ ವಾರ ನಮ್ಮ ಹಿತ್ತಿಲಲ್ಲಿ ಅರಗು ಕಾದ ವಾಸನೆ ಎದ್ದಿತು. ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ಮಾವ ಬಂದರು ಅನ್ನಿಸಿತು. ಮಾವ ಸತ್ತು ಯಾವ ಕಾಲವಾಯಿತು, ಅದು ಗೊತ್ತಿದ್ದೂ ತಲೆಯ ಮೇಲೆ ಸೆರಗು ಎಳೆದುಕೊಂಡೆ. ಒಗ್ಗರಣೆ ಸೀದುಹೋಯಿತು.

ಹಿತ್ತಿಲಲ್ಲಿದ್ದವನು ಮೈಸೂರಿನಿಂದ ಬಂದ ಕೋವಿ ರಿಪೇರಿಯವನು. ನಮ್ಮ ಯಜಮಾನರು ಹೋದ ಮೇಲೆ ಮನೆಯಲ್ಲಿ ಲೈಸೆನ್ಸು ಇರುವವರು ಯಾರೂ ಇಲ್ಲ. ಅಟ್ಟದ ಮೇಲಿದ್ದ ರೈಫಲ್ಲನ್ನು ನರಸೀಪುರದ ತಾಲ್ಲೂಕು ಕಚೇರಿಗೆ ಒಪ್ಪಿಸಬೇಕಾಗಿತ್ತು. ಅದರ ಮೇಲಿನ ದುರ್ಬೀನು ಮತ್ತು ದುರ್ಬೀನು ಕೂರುವ ಉಕ್ಕಿನ ಪೀಠವಾದರೂ ನೆನಪಿಗೆ ಇರಲಿ ಎಂದು ಬಿಚ್ಚಿಕೊಡಲು ಅವನನ್ನು ಕರೆಸಿದ್ದೆ.

ಮಾವ ಎಂದರೆ ನನ್ನ ತಾಯಿಯ ಅಣ್ಣ, ಆಮೇಲೆ ನನ್ನ ಗಂಡನ ತಂದೆ. ನಮ್ಮ ಹಳ್ಳಿಯ ಹೊಲ ಕಾಯುವ ಕೋವಿ ಅವರದು. ಕಬ್ಬು ಬಲಿಯುವ ಹೊತ್ತಿಗೆ ಹೊಳೆಯಂಚಿನ ಪೊದೆಗಳಿಂದ ಹಂದಿ ಹಿಂಡು ನುಗ್ಗಿದರೆ ಊರವರು ಬಂದು ಕೂಗುತ್ತಿದ್ದುದು ನಮ್ಮ ಬಾಗಿಲಲ್ಲಿ. ಮಾವ ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು, ಮೀಸೆಯ ಮೇಲೆ ಸಾರು ಹಾಗೇ ಇರುತ್ತಿತ್ತು. ಸಂತೆಯಲ್ಲಿ ಜನ ಅವರಿಗೆ ದಾರಿ ಬಿಡುತ್ತಿದ್ದರು. ಅದು ಅವರಿಗೆ ಬಹಳ ಇಷ್ಟ. ದಾರಿ ಬಿಡದವರಿದ್ದರೆ ನಿಂತು ಕೆಮ್ಮುತ್ತಿದ್ದರು.

ನಾನು ಸೊಸೆಯಾಗಿ ಬಂದ ಮಾರನೆಯ ವರ್ಷ ಅವರ ಗುರಿ ತಪ್ಪತೊಡಗಿತು. ಒಂದು ಮುಸ್ಸಂಜೆ ಗುಂಡು ಹಂದಿಯನ್ನು ಬಿಟ್ಟು ಕಾವಲಿನ ಅಟ್ಟಣೆಯ ಕಂಬಕ್ಕೆ ಬಡಿಯಿತು. ಅಟ್ಟಣೆಯ ಮೇಲೆ ಮನುಷ್ಯ ಕೂತಿದ್ದ. ಅವನಿಗೇನೂ ಆಗಲಿಲ್ಲ. ಆದರೆ ಬೆಳಗ್ಗೆ ಊರ ಹಿರಿಯರು ಜಗುಲಿಗೆ ಬಂದು ಮೆಲ್ಲಗೆ ಮಾತೆತ್ತಿದರು: ಇನ್ನು ಕೋವಿಯನ್ನು ಮಗನ ಕೈಗೆ ಕೊಡಬಾರದೇ? ಮಾವ ಎಲೆಯಡಿಕೆ ತಟ್ಟೆಯನ್ನು ಅವರ ಮುಂದೆ ತಳ್ಳಿದರು. ಕೋವಿ ಕೈಬಿಟ್ಟರೆ ಮಾವನಿಗೆ ಬದುಕಿನಲ್ಲಿ ಮತ್ತೇನೂ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಇನ್ನೊಂದು ಗುಂಡು ತಪ್ಪಿದರೆ ಯಾರದಾದರೂ ಪ್ರಾಣ ಹೋಗುತ್ತದೆಂದೂ ಗೊತ್ತಿತ್ತು.

ಹಿರಿಯರು ಎದ್ದುಹೋದ ಮೇಲೆ ನನ್ನ ಕಡೆ ತಿರುಗಿ, "ಕಣ್ಣಲ್ಲ ಕಣ್ ಕೂಸೇ, ಕೋವಿ ಅಳೇದು," ಅಂದರು. ನಾನು ಕಣ್ಣಿನ ಮಾತೇ ಎತ್ತಿರಲಿಲ್ಲ.

ನಾಲೆಯ ಕೆಲಸಕ್ಕೆ ಬಂದಿದ್ದ ಬಿಳಿಯ ಇಂಜಿನಿಯರೊಬ್ಬ, ಶಿಕಾರಿಗೆ ಜೊತೆಯಾಗಿದ್ದಕ್ಕೆ, ತನ್ನ ದೇಶಕ್ಕೆ ಹೋಗುವಾಗ ಒಂದು ರೈಫಲ್ಲನ್ನೂ ಬೇರೆ ಪೆಟ್ಟಿಗೆಯಲ್ಲಿ ಒಂದು ದುರ್ಬೀನನ್ನೂ ಮಾವನಿಗೆ ಕೊಟ್ಟು ಹೋಗಿದ್ದ. ಎರಡನ್ನೂ ಜೋಡಿಸಿರಲಿಲ್ಲ. ಜೋಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ಮಾವ ಹಟ ಹಿಡಿದು ನಂಜನಗೂಡಿಗೆ ಗಾಡಿ ಕಟ್ಟಿಸಿದರು. ದೇವರ ದರ್ಶನವೂ ಆಗಲಿ ಎಂದು ನಾನೂ ಹತ್ತಿದೆ.

ಅಲ್ಲಿ ಕಪಿಲೆಗೆ ಇಳಿಯುವ ಬೀದಿಯಲ್ಲಿ ಬೀಗ, ಕೋವಿ ರಿಪೇರಿ ಮಾಡುವ ಆಚಾರಿಯೊಬ್ಬ ಇದ್ದ. ಮಹಾ ಜಂಬದವನು. ರೈಫಲ್ಲಿನಲ್ಲಿ ತೋಟಾ ಕೂರುವ ಜಾಗದ ಬೆನ್ನಿಗೆ ತೂತು ಕೊರೆದು, ಒಳಗೆ ತಿರುಪಿನ ಸುತ್ತು ತೆಗೆದ. ಆ ಬೆನ್ನಿಗೆ ದೀಪದ ಮಸಿ ಬಳಿದು ಪೀಠವನ್ನು ಅದರ ಮೇಲೆ ಒತ್ತಿ ಎತ್ತಿದ. ಎಲ್ಲೆಲ್ಲಿ ಮಸಿ ಅಂಟಿತ್ತೋ ಅಲ್ಲಿ ಪೀಠ ಉಬ್ಬಿದೆಯಂತೆ. ಅಷ್ಟನ್ನು ಅರದಿಂದ ಉಜ್ಜಿ, ಮತ್ತೆ ಮಸಿ ಬಳಿದು, ಮತ್ತೆ ಒತ್ತಿ, ಅಡಿಯೆಲ್ಲ ಒಂದೇ ಸಮ ಮಸಿ ಕೂರುವವರೆಗೂ ಬಿಡಲಿಲ್ಲ. ಆಮೇಲೆ ತಿರುಪುಗಳನ್ನು ನನ್ನ ಕೈಗೆ ಹಾಕಿ, "ಸೀಗೆಪುಡೀಲಿ ತೊಳ್ಕೊಡವ್ವ. ಎಣ್ಣೆ ಪಸೆ ಉಳುದ್ರೆ ಜಾರ್ತವೆ," ಅಂದ. ತಲೆಗೆ ಹಾಕುವ ಸೀಗೆಯಲ್ಲಿ ಕಬ್ಬಿಣ ತೊಳೆದವಳು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಒಂದೇ ತಿರುಪನ್ನು ಪೂರ್ತಿ ಬಿಗಿಯದೆ, ಎಲ್ಲವನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿಯುತ್ತ ಬಂದು, ಕಡೆಗೆ ತಿರುಪುಗಳು ಸಡಿಲವಾಗದಂತೆ ಮೇಲೆ ಅರಗು ಕರಗಿಸಿ ಬಿಟ್ಟ. ಅವತ್ತಿನ ವಾಸನೆಯೇ ಅದು...

ಮಾವ ಅಂಗಡಿಯ ಮುಂದೆ ನಿಂತು ದುರ್ಬೀನಿಗೆ ಕಣ್ಣಿಟ್ಟು ದೇವಸ್ಥಾನದ ಕಡೆ ನೋಡಿದರು. "ಗೋಪುರದ್ ಮೇಲೆ ಎಲ್ಡು ಪಾರಿವಾಳ ಕಾಣ್ತಾವೆ ಕೂಸೇ!" ಅಂದರು. ನಾನು ನೋಡಿದಾಗ ಅಲ್ಲಿ ಏನೂ ಇರಲಿಲ್ಲ. ಹಾರಿಹೋಗಿರಬೇಕು ಅಂದುಕೊಂಡೆ.

ಊರಿಗೆ ಬಂದು ಕೆರೆ ಏರಿಯ ಬುಡದಲ್ಲಿ ಕುಂಬಳಕಾಯಿ ಇಟ್ಟು ಹೊಡೆದರು. ಮೊದಲ ಗುಂಡು ಬಲಕ್ಕೆ ಹೋಯಿತು, ಮುಂದಿನದು ಎಡಕ್ಕೆ, ಇನ್ನೊಂದು ಎಲ್ಲಿಗೋ. "ಪೀಠ ಅಲ್ಲಾಡ್ತದೆ," ಅಂದರು ಮಾವ. ಮತ್ತೆ ಗಾಡಿ ನಂಜನಗೂಡಿಗೆ. ಆಚಾರಿ ಸುತ್ತಿಗೆಯಲ್ಲಿ ತಟ್ಟಿ ನೋಡಿ, "ನನ್ ಕೈ ಮುರುದ್ರೂ ಇದು ಅಲ್ಲಾಡಾಕಿಲ್ಲ ಗೌಡ್ರೇ," ಅಂದ. ಮಾವ ಕೇಳಬೇಕಲ್ಲ. ಬಿಚ್ಚಿಸಿದರು, ಕಟ್ಟಿಸಿದರು. ಇನ್ನೊಂದು ಸಲ ಹೋದಾಗ ಆಚಾರಿಯ ಜಂಬವೂ ಇಳಿದಿತ್ತು. ಸರಿಯಿದ್ದ ಕೆಲಸವನ್ನೇ ತಿರುಗಿಸಿ ತಿರುಗಿಸಿ ನೋಡಿ ತಲೆ ಕೆರೆದುಕೊಂಡ. ನಾನೂ ಪೀಠದ ಅಂಚಿಗೆ ಉಗುರಿಟ್ಟು ನೋಡಿದೆ. ಒಂದು ಸಲ ಅಲುಗಿದಂತಾಯಿತು. ಇನ್ನೊಂದು ಸಲ ಇಲ್ಲ. ಅಲುಗಿದ್ದು ಪೀಠವೋ ನನ್ನ ಕೈಯೋ ದೇವರಿಗೇ ಗೊತ್ತು. ಯಾರನ್ನು ನಂಬಬೇಕೆಂದು ನನಗೆ ತಿಳಿಯಲಿಲ್ಲ.

ಕಡೆಗೆ ಒಂದು ಬೆಳಗ್ಗೆ ಕೆರೆ ಏರಿಯ ಹತ್ತಿರ ನಾನೇ ಬಾಯಿಬಿಟ್ಟೆ: "ಮಾವ, ಅವರೂ ಒಂದು ಹೊಡೆದು ನೋಡಲಿ." ಯಜಮಾನರು ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ಅವರೋ, ಯಾರಾದರೂ ಮೇಲಕ್ಕೆಸೆದ ತೆಂಗಿನ ಚಿಪ್ಪನ್ನು ನೆಲಕ್ಕೆ ಬೀಳುವ ಮೊದಲೇ ಹೊಡೆಯುವವರು. ಮಾವನೇ ರೈಫಲ್ಲನ್ನು ಮಗನ ಕೈಗೆ ಕೊಟ್ಟರು. "ಒಡೀಲಾ ಮಗ, ನೋಡುವ."

ಯಜಮಾನರು ಬಹಳ ಹೊತ್ತು ಗುರಿ ನೋಡಿ ಹೊಡೆದರು. ಏರಿಯಲ್ಲಿ ಮಣ್ಣು ಹಾರಿತು. ಕುಂಬಳಕಾಯಿ ಕೂತಲ್ಲೇ ಕೂತಿತ್ತು.

"ಎತ್ತಗೋಯ್ತು ಕೂಸೇ?" ಎಂದು ಮಾವ ನನ್ನನ್ನು ಕೇಳಿದರು.

"ಎಡಕ್ಕೆ ಮಾವ, ಮಾರು ದೂರ."

ಮಾವ ತಲೆಯಾಡಿಸಿದರು. "ಅಂಗಾದ್ರೆ ಪೀಠದ್ದೇ ಐಬು. ಇದು ಸರಿಯಾಗೋಗಂಟ ಮಡುಗ್ಬುಡವ. ನಾಳಿಂದ ಅಳೇ ಕೋವಿ ತಕ್ಕಂಡು ನೀನೇ ಓಗ್ಲಾ," ಅಂದರು ಮಗನಿಗೆ. ಊರವರಿಗೂ ಅದನ್ನೇ ಹೇಳಿದರು. ಮಾವ ಕೋವಿ ಬಿಟ್ಟದ್ದು ಹಾಗೆ.

ಅವತ್ತು ಸಂಜೆ ರೈಫಲ್ಲನ್ನು ಹಳೆಯ ಪಂಚೆಯಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತ ಮಾವ ಒಂದು ಮಾತು ಹೇಳಿದರು. "ಮಗ ಚೆನ್ನಾಗಿ ಒಡ್ದ ಕಣ್ ಕೂಸೇ." ನನಗೆ ಅರ್ಥವಾಗಲಿಲ್ಲ. ಮಾರು ದೂರ ತಪ್ಪಿದ ಗುಂಡು ಚೆನ್ನಾಗಿ ಹೊಡೆದದ್ದು ಹೇಗಾಯಿತು? ಕಣ್ಣಿನ ಜೊತೆ ಬುದ್ಧಿಯೂ ಮಂಕಾಯಿತೇನೋ ಎಂದು ಮರುಗಿದೆ. ಯಜಮಾನರನ್ನು ಕೇಳಿದರೆ "ಸುಮ್ನಿರು" ಅಂದರು. ಆಮೇಲೂ ಎಷ್ಟೋ ಸಲ ಕೇಳಿದೆ... ಪ್ರತಿ ಸಲವೂ ಎದ್ದು ದನಕ್ಕೆ ಹುಲ್ಲು ಹಾಕಲು ಹೋಗುತ್ತಿದ್ದರು. ಹುಲ್ಲು ಹಾಕಿ ಆಗಿದ್ದರೂ ಹೋಗುತ್ತಿದ್ದರು. ಮಾವನ ಕಣ್ಣಿಗೆ ಬರಬರುತ್ತ ಪೂರ್ತಿ ಪೊರೆ ಬಂತು. ಕಡೆಯ ವರ್ಷಗಳಲ್ಲಿ ನನ್ನ ಬಳೆಯ ಸದ್ದಿನ ಮೇಲೆ ಮನೆಯೊಳಗೆ ಓಡಾಡುತ್ತಿದ್ದರು. ಪೀಠವನ್ನು ಸರಿಮಾಡಿಸಲು ಮತ್ತೆ ಗಾಡಿ ಕಟ್ಟಿಸಲೇ ಇಲ್ಲ. ಅದನ್ನೂ ನಾನು ಗಮನಿಸಿರಲಿಲ್ಲ ನೋಡಿ.

ಹೋದ ವಾರ ಆ ವಾಸನೆ ಹಿಡಿದು, ಒಲೆ ಆರಿಸಿ ಹಿತ್ತಿಲಿಗೆ ಹೋದೆ. ರಿಪೇರಿಯವನು ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ಎರಡು ತಿರುಪುಳಿಯ ಬಾಯಿ ಮುರಿದುಕೊಂಡು, ಬೇರೆ ದಾರಿ ಕಾಣದೆ ಪೀಠಕ್ಕೆ ಬಿಸಿ ಕೊಡುತ್ತಿದ್ದ.

"ಅದು ಅಲ್ಲಾಡ್ತಿತ್ತಲ್ಲಪ್ಪ, ಮೊದಲಿಂದಲೂ," ಅಂದೆ.

"ಇದಾ?" ಎಂದು ನಕ್ಕ. "ಕೂರಿಸ್ದಾಗಿಂದ ಇದು ಕೂದಲೆಳೆ ಜರುಗಿಲ್ಲ ಕಣವ್ವ. ಯಾವ್ ಪುಣ್ಯಾತ್ಮ ಕೂರಿಸ್ದನೋ!"

ನಾನು ಒರಳುಕಲ್ಲಿನ ಮೇಲೆ ಕೂತುಬಿಟ್ಟೆ. ಹಾಗಾದರೆ ನಮ್ಮ ಯಜಮಾನರು ಅವತ್ತು... ಅಪ್ಪನ ಮರ್ಯಾದೆಗಾಗಿ ಬೇಕೆಂದೇ ತಪ್ಪಿಸಿದರು. ಮಾವನಿಗೆ ಮಣ್ಣು ಹಾರಿದ್ದು ಕಾಣಲಿಲ್ಲ, ಮಗ ಮಾಡಿದ್ದು ಮಾತ್ರ ಕಂಡಿತ್ತು. ಅಪ್ಪ ಮಗ ಇಬ್ಬರೂ ಒಬ್ಬರಿಗೊಬ್ಬರು ಬಾಯಿಬಿಡಲಿಲ್ಲ. ಅಥವಾ ನನ್ನ ಬೆನ್ನ ಹಿಂದೆ ಬಿಟ್ಟಿದ್ದರೋ ಏನೋ, ಕೇಳೋಣವೆಂದರೆ ಇಬ್ಬರೂ ಇಲ್ಲ. ನನಗೆ ನಗುವೂ ಬಂತು, ಅಳುವೂ ಬಂತು.

"ಬಿಸಿ ಸಾಕು, ಬಿಚ್ಚಬೇಡ," ಅಂದೆ. "ಹಾಗೇ ಕಚೇರಿಗೆ ಹೋಗಲಿ."

ಅವನು ಅರ್ಥವಾಗದೆ ನನ್ನ ಮುಖ ನೋಡಿದ. ನಾನು ಎದ್ದು ಕೊಟ್ಟಿಗೆಗೆ ಹೋಗಿ ದನಕ್ಕೆ ಹುಲ್ಲು ಹಾಕಿದೆ.